ಬಿಚ್ಚಿ ನೋಡಿ, ಕಟ್ಟಿ ಕೊಡಿ

ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳು ಯಾವ ಕಂಪನಿಯ ಗುಟ್ಟೂ ಅಲ್ಲ. ಅದರ ಹೆಸರು ಲಿನಕ್ಸ್. 1991ರ ಆಗಸ್ಟ್ ತಿಂಗಳಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ಹವ್ಯಾಸಕ್ಕೆಂದು ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ ಎಂದು ಊರಿಗೆಲ್ಲ ತಿಳಿಸಿದಾಗ ಅವರಿಗೆ 21 ವರ್ಷ. ತಿಪಟೂರಿನ ಕಾಲೇಜುಗಳಲ್ಲಿ ಕೊನೆಯ ವರ್ಷದ ಡಿಗ್ರಿ ಓದುತ್ತಿರುವವರ ವಯಸ್ಸು ಅದು. ಇಂದು ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳೆಲ್ಲ ನಡೆಯುತ್ತಿರುವುದು ಆ ಹವ್ಯಾಸದ ಮೇಲೆ. ಕೋಟಿಗಟ್ಟಲೆ ಸಾಲುಗಳಿಗೆ ಬೆಳೆದಿರುವ ಅದರ ಕೋಡನ್ನು ಹೊನ್ನವಳ್ಳಿಯಲ್ಲಿ ಕೂತು ನೀವು ಮೊದಲಿನಿಂದ ಕೊನೆಯವರೆಗೆ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ನಾಲ್ಕು ಜನಕ್ಕೆ ಹಂಚಬಹುದು. ಯಾರ ಅಪ್ಪಣೆಯೂ ಬೇಡ. ಒಂದು ಪೈಸೆಯೂ ಬೇಡ.

ಹೊನ್ನವಳ್ಳಿ, ನೊಣವಿನಕೆರೆ, ಕಿಬ್ಬನಹಳ್ಳಿ, ಹುಳಿಯಾರು, ಮಾಯಸಂದ್ರ, ದಂಡಿನಶಿವರದ ಹುಡುಗ ಹುಡುಗಿಯರೇ, ಈ ಲೇಖನ ನಿಮಗಾಗಿ. ತೆಂಗಿನ ಸೀಮೆಯಲ್ಲಿ ಹುಟ್ಟಿದವರು ನಾವು. ಫೋನು ಬಳಸುವುದರಲ್ಲಿ ನಮ್ಮ ಮಕ್ಕಳು ಯಾರಿಗೂ ಕಡಿಮೆಯಿಲ್ಲ. ಹೊಸ ಮಾಡೆಲ್ ಬಂದರೆ ಅದರ ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು, ಗೇಮ್ ಆಡಿದರೆ ಎಷ್ಟು ಬಿಸಿಯಾಗುತ್ತದೆ ಎಂಬುದೆಲ್ಲ ಬಾಯಿಪಾಠ. ಆ ಆಸಕ್ತಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಅದು ಒಳ್ಳೆಯ ಹಸಿವು. ಆದರೆ ಆ ಹಸಿವಿಗೆ ನಾವು ಇದುವರೆಗೆ ಕೊಂಡು ತಂದದ್ದನ್ನು ಮಾತ್ರ ಬಡಿಸುತ್ತ ಬಂದಿದ್ದೇವೆ. ನಾನು ಕೇಳುವುದು ಇಷ್ಟೇ: ಬಳಸುವವರಾಗಿ ಉಳಿಯಬೇಡಿ. ಬಿಚ್ಚಿ ನೋಡಿ, ಹೇಗೆ ನಡೆಯುತ್ತದೆಂದು ತಿಳಿಯಿರಿ, ನಮಗೆ ಬೇಕಾದ ಹಾಗೆ ತಿದ್ದಿ, ತಿದ್ದಿದ್ದನ್ನು ಮರಳಿ ಎಲ್ಲರಿಗೂ ಕೊಡಿ. ಇದಕ್ಕೆ ಬೇಕಾದ ದಾರಿಯನ್ನು ನಿಮಗಿಂತ ಮೊದಲೇ ಕೆಲವರು ಕಡಿದಿಟ್ಟು ಹೋಗಿದ್ದಾರೆ.

ಕೊಟ್ಟರೆ ಕಡಿಮೆಯಾಗದ ಸ್ವತ್ತು

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನು ಘೋಷಿಸಿದರು. ಕಂಪ್ಯೂಟರ್ ಬಳಸುವವರಿಗೆ ನಾಲ್ಕು ಸ್ವಾತಂತ್ರ್ಯ ಇರಲೇಬೇಕು ಎಂಬುದು ಅವರ ವಾದ. ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ನಡೆಸುವುದು; ಅದು ಹೇಗೆ ನಡೆಯುತ್ತದೆಂದು ನೋಡಿ ಬೇಕಾದಂತೆ ಬದಲಿಸಿಕೊಳ್ಳುವುದು; ಅದರ ಪ್ರತಿಯನ್ನು ಬೇರೆಯವರಿಗೆ ಕೊಡುವುದು; ತಾನು ಬದಲಿಸಿದ್ದನ್ನೂ ಹಂಚುವುದು. ಇದನ್ನು ಕಾನೂನಿನ ಭಾಷೆಯಲ್ಲಿ ಕಟ್ಟಿಟ್ಟದ್ದು 1989ರ ಜಿಪಿಎಲ್ ಪರವಾನಗಿ. ಅದರಲ್ಲಿ ಒಂದು ಚೆಂದದ ಕಟ್ಟಳೆಯಿದೆ: ಮುಕ್ತವಾಗಿ ಸಿಕ್ಕಿದ್ದನ್ನು ತಿದ್ದಿ ಬೇರೆಯವರಿಗೆ ಕೊಡುವಾಗ ಅವರಿಗೂ ಅದೇ ಸ್ವಾತಂತ್ರ್ಯವನ್ನು ಕೊಡಬೇಕು. ಪಡೆದವನು ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ.

ಇದು ನಮ್ಮ ಸೀಮೆಯವರಿಗೆ ಅರ್ಥವಾಗದ ಮಾತಲ್ಲ. ಒಳ್ಳೆಯ ತಾಯಿಮರವಿರುವ ತೋಟದವರು ನೆಂಟರಿಗೆ ನಾಲ್ಕು ಬೀಜದ ಕಾಯಿ ಕೊಟ್ಟರೆ ಅವರ ಮರವೇನೂ ಬರಿದಾಗುವುದಿಲ್ಲ. ಹಾಗೆ ಕೈಯಿಂದ ಕೈಗೆ ಹೋಗಿ ತಾನೇ ತಿಪಟೂರು ಟಾಲ್ ತಳಿ ಇಷ್ಟು ತಾಲ್ಲೂಕುಗಳಲ್ಲಿ ನಿಂತಿರುವುದು? ಒಬ್ಬರ ಅಂಗಳದಲ್ಲಿ ಬೇಲಿ ಹಾಕಿಟ್ಟಿದ್ದರೆ ಕಲ್ಪತರು ನಾಡು ಎಂಬ ಹೆಸರು ಬರುತ್ತಿರಲಿಲ್ಲ.

ಪುಕ್ಕಟೆ ಸಿಗುತ್ತದೆ ಎಂಬುದು ಇಲ್ಲಿ ಸಣ್ಣ ವಿಷಯ. ದುಡ್ಡು ಕೇಳದ ಆ್ಯಪ್‌ಗಳು ಸಾವಿರಾರಿವೆ; ಅವುಗಳಲ್ಲಿ ಹೆಚ್ಚಿನವು ನಿಮ್ಮ ಸಮಯವನ್ನೂ ಮಾಹಿತಿಯನ್ನೂ ಬೆಲೆಯಾಗಿ ವಸೂಲಿ ಮಾಡುತ್ತವೆ. ಮುಕ್ತ ತಂತ್ರಾಂಶ ನಿಮ್ಮನ್ನು ಗಿರಾಕಿಯ ಜಾಗದಿಂದ ಎಬ್ಬಿಸಿ ಕಸುಬುದಾರರ ಜಾಗದಲ್ಲಿ ಕೂರಿಸುತ್ತದೆ. ಆ ಎರಡು ಜಾಗಗಳ ನಡುವಿನ ದೂರವನ್ನು ದಾಟುವುದೇ ನಿಮ್ಮ ಪ್ರಾಯದ ದೊಡ್ಡ ಸಾಹಸ.

ಕನ್ನಡ ಕಂಪ್ಯೂಟರಿಗೆ ಬಂದ ಬಗೆ

ನೀವು ಫೋನಿನಲ್ಲಿ ಸಲೀಸಾಗಿ ಕನ್ನಡ ಕುಟ್ಟುತ್ತೀರಿ. ಅದು ತಾನಾಗಿ ಬಂದದ್ದಲ್ಲ. ಮಂಗಳೂರು ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರ ಹೆಸರನ್ನು ಈ ಸೀಮೆಯ ಪ್ರತಿ ವಿದ್ಯಾರ್ಥಿಯೂ ತಿಳಿದಿರಬೇಕು. ಇಂಗ್ಲಿಷಿನ 26 ಅಕ್ಷರಗಳಿಗೆಂದು ಮಾಡಿದ ಕೀಲಿಮಣೆಯಲ್ಲಿ ನಮ್ಮ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಕೂರಿಸುವುದು ಹೇಗೆ ಎಂಬ ಒಗಟನ್ನು ಬಿಡಿಸಿದವರು ಅವರು. ವ್ಯಂಜನಕ್ಕೊಂದು ಕೀಲಿ, ಅದರ ಮೇಲೆ ಸ್ವರಕ್ಕೊಂದು ಕೀಲಿ. ಒತ್ತು ಬೇಕಾದರೆ ನಡುವೆ ಎಫ್ ಕೀಲಿ. ಹೊನ್ನವಳ್ಳಿಯ ‘ನ್ನ’ ಮೂಡಬೇಕಾದರೆ ಎನ್, ಎಫ್, ಎನ್ ಒತ್ತಿದರಾಯಿತು. ಕನ್ನಡದ ಮಗು ಶಾಲೆಯಲ್ಲಿ ಅಕ್ಷರವನ್ನು ಹೇಗೆ ಕೂಡಿಸಿ ಕಲಿಯುತ್ತದೋ ಅದೇ ಕ್ರಮವನ್ನು ಅವರು ಯಂತ್ರಕ್ಕೂ ಕಲಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಗೌರವಾರ್ಥ ‘ಸೇಡಿಯಾಪು’ ಎಂದು ಹೆಸರಿಟ್ಟು ಹಂಚಿದರು. ಆ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ ಕೀಲಿಮಣೆಗೆ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಕ್ಕೆ ಬುನಾದಿಯಾಯಿತು. ಬೇಲಿ ಹಾಕಿ ಮಾರಬಹುದಾಗಿದ್ದ ವಸ್ತುವನ್ನು ಅವರು ನಾಡಿಗೆ ಬಿಟ್ಟುಕೊಟ್ಟರು. 2013ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು.

ಕನ್ನಡ ಕಂಪ್ಯೂಟರಿಗೆ ಬರುತ್ತಿದ್ದ ಕಾಲದ ಇನ್ನೊಂದು ಕಷ್ಟವನ್ನೂ ತಿಳಿಯಿರಿ. ಯೂನಿಕೋಡ್ ಎಂಬ ಏಕರೂಪದ ಅಕ್ಷರ ಸಂಕೇತ ಎಲ್ಲ ಕಡೆ ಬರುವ ಮುನ್ನ ಒಂದು ಕಂಪ್ಯೂಟರಿನಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಒಂದೊಂದು ತಂತ್ರಾಂಶಕ್ಕೂ ಒಂದೊಂದು ಗುಟ್ಟಿನ ಸಂಕೇತ. ಬರಹ ನಿಮ್ಮದಾದರೂ ಅದನ್ನು ತೆರೆಯುವ ಬೀಗದ ಕೈ ಬೇರೆಯವರ ಹತ್ತಿರ. ಕಾಡು, ಕೀಟ, ಹಕ್ಕಿಗಳ ಬಗ್ಗೆ ಬರೆದ ಪೂರ್ಣಚಂದ್ರ ತೇಜಸ್ವಿಯವರು ಈ ಅಪಾಯವನ್ನು ಬೇಗ ಕಂಡವರು. ಕಂಪ್ಯೂಟರಿನಲ್ಲಿ ಕನ್ನಡ ನೆಲೆ ನಿಲ್ಲದಿದ್ದರೆ ಭಾಷೆಗೆ ಉಳಿಗಾಲವಿಲ್ಲವೆಂದು ಬಗೆದು, ಬದುಕಿನ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಓಡಾಡಿದರು. ಹಂಪಿ ವಿಶ್ವವಿದ್ಯಾಲಯದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಮೂಡಿಗೆರೆಯ ಕಾಫಿ ತೋಟದಲ್ಲಿದ್ದ ಒಬ್ಬ ಸಾಹಿತಿಗೆ ಇದು ತನ್ನ ಕೆಲಸ ಅನ್ನಿಸಿತು. ತೆಂಗಿನ ತೋಟದಲ್ಲಿರುವ ನಿಮಗೂ ಅನ್ನಿಸಲಿ.

ಆ ಬೀಗಗಳನ್ನು ಒಡೆದದ್ದು ಮುಕ್ತ ಮಾನಕ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳು ಸಿಕ್ಕವು. ಅಲ್ಲಿ ಕನ್ನಡದ ‘ಕ’ ಜಗತ್ತಿನ ಯಾವ ಯಂತ್ರದಲ್ಲೂ ‘ಕ’ವೇ. ಅದರ ಮೇಲೆ ಲೋಹಿತ್, ನೋಟೋ, ಬಾಲೂ ತಮ್ಮ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಬಂದವು. ಸಂಚಯ ಬಳಗದ ಗೆಳೆಯರು 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಲು ಬರುವಂತೆ ‘ವಚನ ಸಂಚಯ’ ಕಟ್ಟಿದರು. ನಿಮ್ಮ ಕನ್ನಡ ಉಪನ್ಯಾಸಕರು ಅಸೈನ್‌ಮೆಂಟ್ ಕೊಟ್ಟಾಗ ಒಂದೇ ಪದ ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ಅಲ್ಲಿ ಹುಡುಕಿ ನೋಡಿ. ಹಿಂದೆ ವಿದ್ವಾಂಸರು ತಿಂಗಳುಗಟ್ಟಲೆ ಸಂಪುಟಗಳನ್ನು ತಿರುವಿ ಮಾಡುತ್ತಿದ್ದ ಕೆಲಸ ಅದು.

ಇನ್ನು ‘ಅಲರ್’ ನಿಘಂಟಿನ ಕತೆ. ವಿ. ಕೃಷ್ಣ ಎಂಬವರು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು. 2019ರಲ್ಲಿ ಬೆಂಗಳೂರಿನ ತಂತ್ರಜ್ಞ ಕೈಲಾಶ್ ನಾಧ್ ಅದಕ್ಕೆ ತಂತ್ರಾಂಶದ ಹಂದರ ಹಾಕಿ ಅಂತರಜಾಲಕ್ಕೆ ತಂದರು. ನಿಘಂಟಿನ ದತ್ತಾಂಶವನ್ನು ಮುಕ್ತ ಪರವಾನಗಿಯಲ್ಲಿ ಬಿಡಲಾಯಿತು. ನೀವು ಅದನ್ನು ಇಳಿಸಿಕೊಂಡು ನಿಮ್ಮದೇ ಆ್ಯಪ್ ಮಾಡಬಹುದು, ಪದದ ಆಟ ಮಾಡಬಹುದು, ಕಾಗುಣಿತ ಪರೀಕ್ಷಕ ಮಾಡಬಹುದು. ಒಬ್ಬ ಮನುಷ್ಯ ತನ್ನ ಆಯುಷ್ಯದ ಅರ್ಧದಷ್ಟನ್ನು ನಿಮ್ಮ ಕೈಗೆ ಕೊಟ್ಟಿದ್ದಾರೆ. ಅದನ್ನು ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ನಿಮ್ಮಿಂದಲೇ ಬರಬೇಕು. ಕನ್ನಡ ವ್ಯಾಕರಣವನ್ನು ಶಾಲೆಯ ಮಕ್ಕಳಿಗೆ ತಿಳಿಯಾಗಿ ಬರೆದುಕೊಟ್ಟ ತೀ.ನಂ.ಶ್ರೀ. ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಅದೇ ವ್ಯಾಕರಣವನ್ನು ಯಂತ್ರಕ್ಕೆ ತಿಳಿಯಾಗಿ ಹೇಳಿಕೊಡುವ ಕೆಲಸ ಇನ್ನೂ ಮುಗಿದಿಲ್ಲ. ಆ ಕೆಲಸವೂ ಇದೇ ನೆಲದಿಂದ ಏಕಾಗಬಾರದು?

ಸಿಂಪ್ಯೂಟರ್ ಕಲಿಸಿದ ಪಾಠ

ಗ್ಯಾಜೆಟ್ ಎಂದರೆ ಹೊರಗಿನಿಂದ ಬರುವ ಸಾಮಾನು ಎಂದು ನಂಬಿದವರು ಸಿಂಪ್ಯೂಟರಿನ ಕತೆ ಕೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ, ಓದು ಬಾರದ ಹಳ್ಳಿಯವರೂ ಬಳಸಬಹುದಾದ ಅಂಗೈ ಕಂಪ್ಯೂಟರೊಂದನ್ನು 2001ರ ಹೊತ್ತಿಗೆ ರೂಪಿಸಿದರು. ಮುಟ್ಟಿ ನಡೆಸುವ ಪರದೆ, ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ದನಿ, ಒಳಗೆ ಲಿನಕ್ಸ್. ಐಫೋನ್ ಬಂದದ್ದು 2007ರಲ್ಲಿ, ಮೊದಲ ಆಂಡ್ರಾಯ್ಡ್ ಫೋನ್ 2008ರಲ್ಲಿ. ನಮ್ಮವರು ಅದಕ್ಕೂ ಮುಂಚೆ ಯೋಚಿಸಿದ್ದರು. 2004ರಲ್ಲಿ ಅಮಿಡಾ ಸಿಂಪ್ಯೂಟರ್ ಅಂಗಡಿಗೂ ಬಂತು.

ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಇದನ್ನು ಸೋಲಿನ ಕತೆಯೆಂದು ಹೇಳುವವರು ಅರ್ಧ ಮಾತ್ರ ಹೇಳುತ್ತಾರೆ. ಆ ಯಂತ್ರಕ್ಕಾಗಿ ಪ್ರೊಫೆಸರ್ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ತಯಾರಾದ ‘ಧ್ವನಿ’ ಎಂಬ ಓದುವ ತಂತ್ರಾಂಶ ಮುಕ್ತವಾಗಿತ್ತು. ಯಂತ್ರದ ಕಾಲ ಮುಗಿದ ಮೇಲೂ ಕೇರಳದ ಸಂತೋಷ್ ತೊಟ್ಟಿಂಗಲ್ ಎಂಬ ತಂತ್ರಜ್ಞ ಅದನ್ನು ಕೈಗೆತ್ತಿಕೊಂಡು ಬೆಳೆಸಿದರು. ಮುಚ್ಚಿದ ಪೆಟ್ಟಿಗೆಯಲ್ಲಿದ್ದಿದ್ದರೆ ಕಂಪನಿಯೊಂದಿಗೆ ಅದೂ ಮಣ್ಣಾಗುತ್ತಿತ್ತು. ತೆರೆದಿಟ್ಟ ಕೆಲಸಕ್ಕೆ ವಾರಸುದಾರರು ಎಲ್ಲಿಂದಲಾದರೂ ಬರುತ್ತಾರೆ. ನೀವು ಇಂದು ಮಾಡಿದ್ದು ನಾಳೆ ಮಾರಾಟವಾಗದೇ ಹೋಗಬಹುದು. ತೆರೆದಿಟ್ಟಿದ್ದರೆ ವ್ಯರ್ಥವಂತೂ ಆಗುವುದಿಲ್ಲ.

ದೃಷ್ಟಿಯಿಲ್ಲದವರಿಗೆ ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವೂ ಹೀಗೇ ಹುಟ್ಟಿದ್ದು. ಮೈಕೆಲ್ ಕರ‍್ರನ್ ಎಂಬ ದೃಷ್ಟಿಹೀನ ತರುಣ ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಅದನ್ನು ಬರೆಯಲು ಶುರುಮಾಡಿದರು. ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೆ ಅದು ದಾರಿಯಾಯಿತು. ಅದರೊಡನೆ ಬರುವ ಇ-ಸ್ಪೀಕ್ ಎಂಬ ಮುಕ್ತ ದನಿ ಕನ್ನಡವನ್ನೂ ಓದುತ್ತದೆ. ಆ ಉಚ್ಚಾರ ಇನ್ನಷ್ಟು ತಿದ್ದುಪಡಿ ಬೇಡುತ್ತಿದೆ. ಕನ್ನಡವನ್ನು ಕಿವಿಯಲ್ಲಿ ತುಂಬಿಕೊಂಡು ಬೆಳೆದ ನೀವಲ್ಲದೆ ಅದನ್ನು ಯಾರು ತಿದ್ದಬೇಕು?

ಆಟ ಆಡಿ, ಆಟ ಕಟ್ಟಿ

ಗೇಮ್ ಆಡಬೇಡಿ ಎಂದು ನಾನು ಹೇಳುವುದಿಲ್ಲ. ಚೆನ್ನಾಗಿ ಆಡುವವರಿಗೆ ನಿಯಮ, ಗೆಲುವು, ಸೋಲು, ಕಾಯುವಿಕೆ ಇವುಗಳ ಲೆಕ್ಕ ಗೊತ್ತಿರುತ್ತದೆ. ಆ ಲೆಕ್ಕವೇ ಆಟ ಕಟ್ಟುವವರ ಬಂಡವಾಳ. ಅರ್ಜೆಂಟೀನಾದ ಹ್ವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮಾನ್ಜೂರ್ ತಾವು ಬಳಸುತ್ತಿದ್ದ ಗೇಮ್ ಎಂಜಿನ್ನನ್ನು 2014ರಲ್ಲಿ ಮುಕ್ತಗೊಳಿಸಿದರು. ಅದೇ ಗೊಡೋ. ಹಳೆಯ ಲ್ಯಾಪ್‌ಟಾಪಿನಲ್ಲೂ ಅದು ಸರಳ ಆಟಗಳಿಗೆ ಸಾಕು. ನೀವು ಅದರಲ್ಲಿ ಮಾಡಿದ ಆಟವನ್ನು ಮಾರಿ ಗಳಿಸಿದರೂ ಯಾರಿಗೂ ಪಾಲು ಕೊಡಬೇಕಿಲ್ಲ.

ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದ ಕತೆ ಇನ್ನೂ ರೋಚಕ. 2002ರಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿ ಮುಚ್ಚಿದಾಗ, ಹಾಲೆಂಡಿನ ಟಾನ್ ರೂಸೆಂಡಾಲ್ ಜನರ ಮುಂದೆ ಕೈಚಾಚಿದರು. ಏಳು ವಾರದಲ್ಲಿ ಒಂದು ಲಕ್ಷ ಯೂರೊ ಕೂಡಿತು. ಬ್ಲೆಂಡರ್ ಎಲ್ಲರ ಸ್ವತ್ತಾಯಿತು. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕೆ ಆಸ್ಕರ್ ಪಡೆದ ‘ಫ್ಲೋ’ ತಯಾರಾದದ್ದು ಅದೇ ಬ್ಲೆಂಡರಿನಲ್ಲಿ. ಅದರ ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ಬಂದದ್ದು ಲಾಟ್ವಿಯಾದಿಂದ. ಆ ಇಡೀ ದೇಶದ ಜನಸಂಖ್ಯೆ ನಮ್ಮ ತುಮಕೂರು ಜಿಲ್ಲೆಯದಕ್ಕಿಂತ ಕಡಿಮೆ. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳ ಎದುರು ನಿಂತು ಗೆದ್ದ ಆ ಚಿತ್ರದ ಉಪಕರಣವನ್ನು ನೀವು ಇಂದು ರಾತ್ರಿಯೇ ಇಳಿಸಿಕೊಳ್ಳಬಹುದು.

ಕಟ್ಟುವುದೇನು? ನಮ್ಮಲ್ಲಿ ಆಟಗಳಿಗೆ ಬರವೇ? ಅಳಿಗುಳಿಮಣೆ ಇದೆ: ಎರಡು ಸಾಲು, ಸಾಲಿಗೆ ಏಳು ಗುಳಿ, ಹುಣಸೆ ಬೀಜ. ಚೌಕಾಬಾರವಿದೆ: ಐದೈದು ಮನೆಗಳ ಚೌಕ, ಕವಡೆ. ಹುಲಿ-ಕುರಿ ಆಟವಿದೆ, ಹಳೆಯ ಗುಡಿಗಳ ಹಾಸುಗಲ್ಲಿನ ಮೇಲೆ ಅದರ ಗೆರೆಗಳು ಕೊರೆದಿರುವುದನ್ನು ನೀವೂ ಕಂಡಿರಬಹುದು. ಇವುಗಳಲ್ಲಿ ಅಳಿಗುಳಿಮಣೆಯನ್ನೇ ತೆಗೆದುಕೊಳ್ಳಿ. ಗುಳಿಗಳು ಒಂದು ಪಟ್ಟಿ, ಬೀಜಗಳು ಸಂಖ್ಯೆಗಳು, ಬಿತ್ತುವುದು ಒಂದು ಸುತ್ತು. ಪ್ರೋಗ್ರಾಮಿಂಗಿನ ಮೊದಲ ಪಾಠಗಳಷ್ಟೂ ಅದರೊಳಗಿವೆ. ನೀವು ಮುಂದೆ ಇಡುವ ಹೆಜ್ಜೆಗೆ ಎದುರಾಳಿ ಏನು ಮಾಡಬಹುದು, ಅದಕ್ಕೆ ನೀವೇನು ಮಾಡಬಹುದು ಎಂದು ಮುಂದಾಲೋಚಿಸುವ ಕಂಪ್ಯೂಟರ್ ಎದುರಾಳಿಯನ್ನು ಬರೆದಿರೋ, ಕೃತಕ ಬುದ್ಧಿಮತ್ತೆಯ ಮೊದಲ ಮೆಟ್ಟಿಲು ಹತ್ತಿದಂತೆ. ನಿಯಮಗಳನ್ನು ಕೇಳಿಕೊಳ್ಳಲು ಅಜ್ಜಿಯ ಬಳಿ ಹೋಗಿ. ಊರಿಂದ ಊರಿಗೆ ನಿಯಮ ಬದಲಾಗುತ್ತದೆ, ಅಷ್ಟನ್ನೂ ಬರೆದಿಡಿ. ಅಜ್ಜಿಯ ಆಟ ಮೊಮ್ಮಗಳ ಕೈಯಲ್ಲಿ ಕನ್ನಡದ ಗೇಮ್ ಆಗಿ ಬರಲಿ. ಹೊರದೇಶದಲ್ಲಿ ಬೆಳೆಯುತ್ತಿರುವ ಕನ್ನಡದ ಮಗುವೂ ಅದನ್ನು ಆಡಲಿ.

ತೋಟದೊಳಗೆ ಪ್ರಯೋಗಶಾಲೆ

ನಮ್ಮ ಸೀಮೆಯ ಕಷ್ಟಗಳಿಗೆ ಯಾವ ದೂರದ ಕಂಪನಿಯೂ ಉಪಕರಣ ಮಾಡಿಕೊಡುವುದಿಲ್ಲ. ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತೇವೆ. ಅಲ್ಲಿನ ಶಾಖ, ತೇವ ಎಷ್ಟಿರುತ್ತದೆ? ಯಾವ ಮೂಲೆಯಲ್ಲಿ ಗಾಳಿಯಾಡುವುದಿಲ್ಲ? ಕೆಟ್ಟ ಕಾಯಿ ಹೆಚ್ಚು ಸಿಗುವುದು ಯಾವ ಭಾಗದಲ್ಲಿ? ಕೆಲವೇ ನೂರು ರೂಪಾಯಿಯ ಸಂವೇದಕ ಮತ್ತು ಇಎಸ್‌ಪಿ 32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಇದ್ದರೆ ವರ್ಷವಿಡೀ ಅಳೆದು ಬರೆದಿಡಬಹುದು. ಬುಡದ ಮಣ್ಣಿನ ತೇವ ಅಳೆದು ಹನಿ ನೀರು ಯಾವಾಗ ಬಿಡಬೇಕೆಂದು ತೋರಿಸಬಹುದು. ಮಳೆ ಅಳೆಯಬಹುದು. ಇಟಲಿಯ ಇವ್ರೆಯಾ ಊರಿನ ವಿನ್ಯಾಸ ಶಾಲೆಯೊಂದರಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗೆಂದು ಮಾಡಿದ ಆರ್ಡುಯಿನೋ ಬೋರ್ಡಿನ ನಕ್ಷೆಯನ್ನೂ ಮುಕ್ತವಾಗಿಟ್ಟಿದ್ದರಿಂದಲೇ ಇಂಥ ಸಾಮಾನು ಇಂದು ಬಡವರ ಕೈಗೂ ಎಟಕುತ್ತಿದೆ.

ಒಂದು ಎಚ್ಚರಿಕೆ. ಕಲಿಕೆಯೆಲ್ಲ ಐದು ವೋಲ್ಟಿನ ಒಳಗೆ ನಡೆಯಲಿ. ಬೋರ್‌ವೆಲ್ಲಿನ ಸ್ಟಾರ್ಟರ್ ಬಾಕ್ಸಿಗೆ, ತ್ರೀ ಫೇಸ್ ತಂತಿಗೆ ಕೈ ಹಾಕಬೇಡಿ. ಅದು ಬಲ್ಲ ಎಲೆಕ್ಟ್ರಿಷಿಯನ್ನರ ಕೆಲಸ. ನಿಮ್ಮ ಜೀವ ಎಲ್ಲ ಪ್ರಯೋಗಗಳಿಗಿಂತ ದೊಡ್ಡದು.

ಅಳೆದದ್ದನ್ನು ಅಪ್ಪ ಅಮ್ಮನಿಗೆ ತೋರಿಸಿ. ನಲವತ್ತು ವರ್ಷ ತೋಟ ನೋಡಿದವರ ಕಣ್ಣು, ನಿಮ್ಮ ಸಂವೇದಕದ ಅಂಕಿ ಒಂದೆಡೆ ಕೂತಾಗ ಹೊಸ ತಿಳಿವಳಿಕೆ ಹುಟ್ಟುತ್ತದೆ. ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿನ ವಿಜ್ಞಾನಿಗಳ ಮುಂದೆ ನಿಮ್ಮ ಅಂಕಿಗಳನ್ನಿಟ್ಟು ಪ್ರಶ್ನೆ ಕೇಳಿ. ಕಪ್ಪು ತಲೆ ಹುಳು, ಕೆಂಪು ಮೂತಿ ಹುಳು, ಅಣಬೆ ರೋಗ ತಗುಲಿದ ಮರಗಳ ಚಿತ್ರಗಳನ್ನು ತಿಂಗಳು, ಜಾಗದ ಸಮೇತ ಕೂಡಿಸಿ, ಮುಕ್ತ ಸಂಗ್ರಹ ಮಾಡಿ. ಫೋನಿನ ಕ್ಯಾಮೆರಾದಲ್ಲೇ ರೋಗ ಗುರುತಿಸುವ ತಂತ್ರಾಂಶ ಬರೆಯುವವರಿಗೆ ಮೊದಲು ಬೇಕಾದದ್ದು ಅಂಥ ಚಿತ್ರಗಳೇ.

ಇಲ್ಲ ಎನ್ನುವ ಮೊದಲು

ಕಂಪ್ಯೂಟರ್ ಇಲ್ಲ ಎನ್ನುತ್ತೀರಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಒಪ್ಪದ ಎಷ್ಟೋ ಕಂಪ್ಯೂಟರುಗಳನ್ನು ಕಚೇರಿ, ಶಾಲೆ, ಅಂಗಡಿಗಳಲ್ಲಿ ಮೂಲೆಗೆ ತಳ್ಳುತ್ತಾರೆ. ಅವು ಸತ್ತಿಲ್ಲ. ಅವುಗಳಲ್ಲಿ ಲಿನಕ್ಸ್ ಮಿಂಟ್ ಅಥವಾ ಲುಬುಂಟು ಹಾಕಿದರೆ ಮತ್ತೆ ಕೆಲಸಕ್ಕೆ ನಿಲ್ಲುತ್ತವೆ. ಒಂದು ಪೆನ್‌ಡ್ರೈವ್, ಅರ್ಧ ದಿನ, ತಾಳ್ಮೆ ಬೇಕು. ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲೂ ಹಲವೆಡೆ ಕಂಪ್ಯೂಟರ್ ಇದೆ. ಹೋಗಿ ಕೇಳಿ, ಕೂರಿ.

ಇಂಗ್ಲಿಷ್ ಬರುವುದಿಲ್ಲ ಎನ್ನುತ್ತೀರಿ. ಪೈಥಾನ್ ಭಾಷೆಯಲ್ಲಿ ಕಾದಿರಿಸಿದ ಪದಗಳು 35. ಅಷ್ಟು ಪದಗಳನ್ನು ಕಲಿಯಲು ಕಾನ್ವೆಂಟ್ ಬೇಕಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಿ. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿ, ಮುಂದೆ ತನ್ನ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಿತು. ಅಲ್ಲಿನ ಹೈಸ್ಕೂಲಿನ ಕನ್ನಡ ಮಕ್ಕಳು ಕನ್ನಡದಲ್ಲೇ ಅಚ್ಚಾದ ಐಸಿಟಿ ಪಠ್ಯ ಹಿಡಿದು ಲಿನಕ್ಸಿನ ಮೇಲೆ ಚಿತ್ರ ಬಿಡಿಸುತ್ತಾರೆ, ಪೈಥಾನ್ ಬರೆಯುತ್ತಾರೆ. 2018ರಿಂದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಬಳಗಗಳೂ ಅಲ್ಲಿನ ಶಾಲೆಗಳಲ್ಲಿವೆ. ಗಡಿಯಾಚೆಯ ನಮ್ಮದೇ ನುಡಿಯ ಮಕ್ಕಳಿಗೆ ಆಗುವುದು ನಮಗೂ ಆಗುತ್ತದೆ.

ಕೋಡ್ ಬರೆಯಲು ಬರುವುದಿಲ್ಲ ಎನ್ನುತ್ತೀರಿ. ಕೋಡ್ ಇಲ್ಲದೆಯೂ ಮಾಡುವ ಕೆಲಸ ರಾಶಿಯಿದೆ. 2011ರ ಜನಗಣತಿಯ ಪ್ರಕಾರ 4.3 ಕೋಟಿಗೂ ಹೆಚ್ಚು ಜನರ ತಾಯ್ನುಡಿ ಕನ್ನಡ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇರುವುದು 30 ಸಾವಿರ ಚಿಲ್ಲರೆ ಲೇಖನಗಳು; ತಮಿಳಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು. ನಮ್ಮ ಕೆರೆ, ಜಾತ್ರೆ, ತಳಿ, ಗುಡಿಗಳ ಲೇಖನ ಯಾರು ಬರೆಯಬೇಕು? ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಮುಕ್ತ ಭೂಪಟದಲ್ಲಿ ನಿಮ್ಮ ಹಟ್ಟಿ, ಪಾಳ್ಯ, ಕೊಪ್ಪಲಿನ ಹೆಸರನ್ನು ಕನ್ನಡದಲ್ಲಿ ಸೇರಿಸಲು ಒಂದು ಫೋನು ಸಾಕು. ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಕನ್ನಡದಲ್ಲಿ ಸಿಗುತ್ತವೆ; ಅವುಗಳ ಅನುವಾದವನ್ನು ನಮ್ಮ ಆಡುನುಡಿಗೆ ಹತ್ತಿರ ತರುವವರು ಬೇಕಾಗಿದ್ದಾರೆ.

ಫ್ಲೆಕ್ಸ್ ಅಂಗಡಿಯಲ್ಲೋ ಸ್ಟುಡಿಯೋದಲ್ಲೋ ಕೆಲಸ ಮಾಡುವ ತಮ್ಮಂದಿರಿಗೆ ಒಂದು ಮಾತು. ಕ್ರ್ಯಾಕ್ ಮಾಡಿದ ತಂತ್ರಾಂಶ ಹಾಕಿಕೊಂಡು ಕಳ್ಳರ ಹಾಗೆ ಬದುಕುವುದು ಯಾಕೆ? ಫೋಟೋಗೆ ಗಿಂಪ್, ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಪುಟ ಕಟ್ಟಲು ಸ್ಕ್ರೈಬಸ್ ಇವೆ. ಕೈ ಕೂಡಲು ಸ್ವಲ್ಪ ದಿನ ಹಿಡಿಯುತ್ತದೆ. ಆಮೇಲೆ ತಲೆ ಎತ್ತಿ ದುಡಿಯಬಹುದು.

ತಂಗಿಯರೇ, ನಿಮಗೆ ಇನ್ನೂ ಒತ್ತಿ ಹೇಳಬೇಕು. ಮನೆಯಲ್ಲಿ ಅಣ್ಣನಿಗೆ ಸಿಗುವ ಲ್ಯಾಪ್‌ಟಾಪ್ ನಿಮಗೆ ಸಿಗುವುದಿಲ್ಲ, ಸಂಜೆ ಮೇಲೆ ಹೊರಗೆ ಕೂತು ಕಲಿಯಲು ಬಿಡುವುದಿಲ್ಲ ಎಂಬುದು ನನಗೆ ಗೊತ್ತು. ಇದು ಅನ್ಯಾಯ. ಸಹಿಸಿಕೊಳ್ಳಿ ಎಂದು ನಾನು ಹೇಳಲಾರೆ, ಕೇಳಿ ಪಡೆಯಿರಿ. ಅಣ್ಣಂದಿರೇ, ಅರ್ಧ ಹೊತ್ತು ಬಿಟ್ಟುಕೊಡಿ. ನೀವು ಕಟ್ಟುವ ಬಳಗದಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿಲ್ಲದಿದ್ದರೆ ಅದನ್ನು ಮುಕ್ತ ಎಂದು ಕರೆಯಬೇಡಿ.

ಕೃತಕ ಬುದ್ಧಿಮತ್ತೆಯೇ ಎಲ್ಲ ಬರೆದುಕೊಡುವಾಗ ನಾವೇಕೆ ಕಲಿಯಬೇಕು ಎಂದು ಕೇಳುವವರಿಗೆ 2024ರ ಮಾರ್ಚಿನ ಒಂದು ಘಟನೆ ಹೇಳುತ್ತೇನೆ. ಎಕ್ಸ್‌ಜಡ್ ಎಂಬ ಪುಟ್ಟ ಮುಕ್ತ ತಂತ್ರಾಂಶವನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದವರು ಹೆಚ್ಚುಕಡಿಮೆ ಒಬ್ಬರೇ, ಅವರೂ ದಣಿದಿದ್ದರು. ನೆರವಿನ ನೆಪದಲ್ಲಿ ಒಳಬಂದ ಯಾರೋ ಅದರೊಳಗೆ ಕಳ್ಳದಾರಿ ಬಚ್ಚಿಟ್ಟರು. ಜಗತ್ತಿನ ಅಸಂಖ್ಯ ಸರ್ವರುಗಳಿಗೆ ಅದು ಹರಡುವುದರಲ್ಲಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ, ಲಾಗಿನ್ ಆಗಲು ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಎಂಬ ಅನುಮಾನ ಬಂತು. ಬೆನ್ನು ಹತ್ತಿದರು, ಕಳ್ಳದಾರಿ ಸಿಕ್ಕಿಬಿತ್ತು. ಅರ್ಧ ಸೆಕೆಂಡಿನ ತಡವನ್ನು ಸುಮ್ಮನೆ ಬಿಡದ ಒಬ್ಬ ಮನುಷ್ಯ ಲೋಕವನ್ನು ಕಾಪಾಡಿದರು. ಯಂತ್ರ ಬರೆದದ್ದನ್ನು ಓದಿ, ಅನುಮಾನಿಸಿ, ತಿದ್ದುವ ಜನ ಇನ್ನು ಮುಂದೆ ಹೆಚ್ಚು ಬೇಕು. ಆ ದಣಿದ ಒಬ್ಬರ ಪಕ್ಕ ಕೂರುವ ಪ್ರಾಮಾಣಿಕ ಕೈಗಳು ಬೇಕು. ಆ ಕೈ ನಿಮ್ಮದಾಗಲಿ.

ಈ ಭಾನುವಾರದಿಂದ

ನಾಲ್ಕು ಜನ ಸೇರಿ. ಅರಿವು ಕೇಂದ್ರವೋ ಶಾಲೆಯ ಜಗಲಿಯೋ ಯಾರದೋ ಮನೆಯ ಪಡಸಾಲೆಯೋ, ಜಾಗ ಯಾವುದಾದರೂ ಸರಿ. ಮೊದಲ ವಾರ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ. ಎರಡನೆಯ ವಾರ ನಿಮ್ಮೂರನ್ನು ಭೂಪಟಕ್ಕೆ ಸೇರಿಸಿ. ಮೂರನೆಯ ವಾರ ಅಜ್ಜಿಯ ಬಾಯಿಂದ ಅಳಿಗುಳಿಮಣೆಯ ನಿಯಮ ಬರೆದುಕೊಳ್ಳಿ. ನಾಲ್ಕನೆಯ ವಾರ ಪೈಥಾನಿನಲ್ಲಿ ಅದರ ಮೊದಲ ಸಾಲು ಬರೆಯಿರಿ. ಕಲಿತದ್ದನ್ನು ಮರುದಿನವೇ ಇನ್ನೊಬ್ಬರಿಗೆ ಕಲಿಸಿ. ಸಿಕ್ಕಿಹಾಕಿಕೊಂಡಾಗ ಕೇಳಲು ನಾಚಬೇಡಿ. ನಿಮಗಿಂತ ಕಿರಿಯರು ಕೇಳಿದಾಗ ಬೇಸರಪಡಬೇಡಿ. ಬೆಂಗಳೂರಿನಲ್ಲಿ ಫಾಸ್ ಯುನೈಟೆಡ್‌ನವರು ವರ್ಷಕ್ಕೊಮ್ಮೆ ಇಂಡಿಯಾ ಫಾಸ್ ಸಮಾವೇಶ ನಡೆಸುತ್ತಾರೆ. ತಿಪಟೂರಿನಲ್ಲಿ ರೈಲು ಹತ್ತಿ ಹೋಗಿ ಬನ್ನಿ; ಕೇಳುಗರಾಗಿ ಹೋಗಿ, ಮುಂದೊಂದು ವರ್ಷ ವೇದಿಕೆ ಹತ್ತಿ ಮಾತಾಡಲು ಹೋಗಿ.

ದುಡಿಮೆಗೆ ಬೆಂಗಳೂರಿಗೆ ಹೋಗಬೇಕಾದವರು ಹೋಗಿ, ತಪ್ಪೇನಿಲ್ಲ. ಆದರೆ ಬರಿಗೈಯಲ್ಲಿ ಕೆಲಸ ಬೇಡುತ್ತ ಹೋಗಬೇಡಿ. ನಾನು ಕಟ್ಟಿದ್ದು ಇದು, ಜಗತ್ತೇ ನೋಡುವಂತೆ ತೆರೆದಿಟ್ಟಿದ್ದೇನೆ, ಓದಿಕೊಳ್ಳಿ ಎಂದು ಹೇಳುತ್ತ ಹೋಗಿ. ಇಲ್ಲೇ ಉಳಿದು ತೋಟ ನೋಡುವವರೂ ಹಿಂದೆ ಬಿದ್ದವರಲ್ಲ. ಮೇಲೆ ಹೇಳಿದ ಕೆಲಸಗಳಲ್ಲಿ ಅರ್ಧಕ್ಕೂ ಹೆಚ್ಚು ತೋಟದಲ್ಲಿ ನಿಂತೇ ಮಾಡುವಂಥವು.

ಮುಕ್ತ ತಂತ್ರಾಂಶದ ಲೋಕದಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಕೆಲಸ ಮಾಡಿದವರ ಹೆಸರು ಕೆಲಸದ ಜೊತೆಗೇ ಉಳಿಯುತ್ತದೆ. ಒಂದೇ ಒಂದು ಕಾಗುಣಿತದ ತಪ್ಪು ತಿದ್ದಿದವರ ಹೆಸರೂ ದಾಖಲೆಯಲ್ಲಿ ಸೇರುತ್ತದೆ. ಆ ದಾಖಲೆಗಳಲ್ಲಿ ಹೆಲ್ಸಿಂಕಿಯವರಿದ್ದಾರೆ, ಬ್ಯೂನಸ್ ಐರಿಸ್‌ನವರಿದ್ದಾರೆ, ಕಿನ್ನಿಕಂಬಳದವರಿದ್ದಾರೆ. ಹೊನ್ನವಳ್ಳಿ ಹೋಬಳಿಯವರ ಜಾಗ ಇನ್ನೂ ಖಾಲಿಯಿದೆ. ಹೋಗಿ, ಆ ಜಾಗದಲ್ಲಿ ನಿಮ್ಮ ಹೆಸರು ಬರೆಯಿರಿ, ಕನ್ನಡದಲ್ಲೇ ಬರೆಯಿರಿ.